ಬೀಗರ ಶೋರೂಮಿನ ಸ್ಕೂಟರು

ಸತ್ತಿ ಊರಿನ ಧರೆಪ್ಪನ ಮನೆಗೆ ಬಂದ ಹೊಸ ಸ್ಕೂಟರು ಓಣಿಗೆಲ್ಲ ಒಗಟಾಗಿತ್ತು. ಮನೆಯ ಮುಂದೆ ಗುಂಡಿ ಒತ್ತಿದರೆ ಸಾಕು, ಚೊಕ್ಕವಾಗಿ ಹೊರಡುತ್ತಿತ್ತು. ಊರು ದಾಟಿ ಅಥಣಿ ದಾರಿ ಹಿಡಿದು ಸ್ವಲ್ಪ ಹೊತ್ತಾಗುವಷ್ಟರಲ್ಲಿ ನಡುರಸ್ತೆಯಲ್ಲಿ ನಿಂತುಬಿಡುತ್ತಿತ್ತು. ಅರ್ಧ ತಾಸು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಶುರು! ಯಾಕೆ ಹೀಗೆ? ಎಲ್ಲರ ಬಳಿಯೂ ಒಂದೊಂದು ಉತ್ತರವಿತ್ತು.

"ಕೊಕಟನೂರ ಎಲ್ಲಮ್ಮಗ ಗಾಡಿ ತೋರಿಸ್ಕೊಂಡು ಬಂದಿಲ್ಲ, ಅದಕ್ಕ," ಎಂದಳು ಪಕ್ಕದ ಮನೆಯ ಅಕ್ಕವ್ವ.

"ಒಮ್ಮೆ ನನ್ನ ಕೈಯಾಗ ಕೊಡ್ರಿ, ಪೂರಾ ಬಿಚ್ಚಿ ನೋಡ್ತೀನಿ," ಎಂದು ಊರಿನ ಗಾಡಿ ಮಿಸ್ತ್ರಿ ಮಹಾದೇವ ನಟ್ಟು ಬಿಚ್ಚುವ ಪಾನಾ ಹಿಡಿದು ನಿಂತಿದ್ದ.

ಸ್ಕೂಟರು ಓಡಿಸುತ್ತಿದ್ದವಳು ಧರೆಪ್ಪನ ಕಿರಿಯ ಮಗಳು ಸ್ನೇಹಲ. ಅಥಣಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ. ಅವಳ ಪಾಳಿಯ ಹೊತ್ತಿಗೆ ಬಸ್ಸಿಲ್ಲ. ಒಂದು ದಿನ ಹಿಂದಿನಿಂದ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿದ್ದಾಗಲೇ ಗಾಡಿ ನಿಂತಿತು. ಕೂದಲೆಳೆಯಲ್ಲಿ ಪಾರಾದಳು. ಅಂದೇ ಧರೆಪ್ಪ ಹೇಳಿಬಿಟ್ಟ: "ಸಾಕವ್ವಾ ನೌಕರಿ. ಜೀವ ಇದ್ರ ಬೆಲ್ಲ ಬೇಡಿ ತಿಂದೇವು." ಓದಿ ಗಳಿಸಿದ ಕೆಲಸ ಕೈಬಿಡುತ್ತದಲ್ಲ ಎಂದು ಹುಡುಗಿ ಒಳಗೆ ಕೂತು ಅತ್ತಳು.

ಮರುದಿನ ಸಂಜೆ ಧರೆಪ್ಪನ ಹೆಂಡತಿ ಗಿರಿಜವ್ವನ ಪಡಸಾಲೆಯಲ್ಲಿ ಮಹಿಳಾ ಸಂಘದ ಸಭೆ. ಅಥಣಿ ಕೋರ್ಟಿನಲ್ಲಿ ವಕೀಲಿ ಮಾಡುವ ಅದೇ ಓಣಿಯ ಕಾಂಚನ ಬಂದಿದ್ದಳು. ಸಂಗತಿ ಕೇಳಿ ಅವಳ ಕಿವಿ ನೆಟ್ಟಗಾಯಿತು.

"ಗಾಡಿ ಎಲ್ಲಿ ತಗೊಂಡ್ರಿ ಕಾಕಾ?"

"ಮಿರಜದಾಗ. ನಮ್ಮ ದೊಡ್ಡಾಕಿ ರೂಪಾಲಿಯ ಮೈದುನ ಸುಧೀರ ಅಲ್ಲೇ ಶೋರೂಮಿನಾಗ ಅದಾನ. ಒಯ್ದ ಬಿಟ್ಟಾಗೊಮ್ಮೆ 'ಸರಿ ಆತ್ರಿ' ಅಂತಾನ. ಮನಿಗಿ ಬಂದ್ರ ಮತ್ತ ಅದ ಹಣೇಬರಾ."

"ಬಿಟ್ಟಾಗ ಜಾಬ್ ಕಾರ್ಡ್ ತಗೊಂಡ್ರೇನು? ಏನು ದೋಷ, ಏನು ರಿಪೇರಿ ಅಂತ ಬರದ ಚೀಟಿ?"

ಧರೆಪ್ಪನಿಗೆ ಅವಮಾನವೇ ಆದಂತಾಯಿತು. "ಬೀಗರ ಕಡೆ ಚೀಟಿ ಕೇಳೂದನವ್ವಾ? ಉಣ್ಣಿಸಿ ಕಳಸ್ತಾರ ಅವರು!"

ನಮ್ಮ ಕಡೆ ಇದೇ ನೋಡಿ ತೊಂದರೆ. ಬೀಗರ ಮನೆಯ ಸಾರಿಗೆ ಉಪ್ಪು ಕಡಿಮೆ ಎನ್ನಲೂ ನಮಗೆ ನಾಚಿಕೆ. ಅವರು ಕೊಡಿಸಿದ ಗಾಡಿ ಕೆಟ್ಟಿದೆ ಎಂದು ಬರೆದುಕೊಡುವ ಧೈರ್ಯ ಯಾರಿಗಿದೆ?

"ಹೋಗ್ಲಿ," ಎಂದ ಧರೆಪ್ಪ. "ಅಂಗಡಿ ಮಹಾರಾಷ್ಟ್ರದ್ದು, ನಾವು ಕರ್ನಾಟಕದವ್ರು. ಅಲ್ಲಿ ಕೋರ್ಟಿಗೆ ಅಡ್ಡಾಡೂದು ಯಾರು?"

"ಅಡ್ಡಾಡೂದು ಬ್ಯಾಡ. ಎಲ್ಲಿ ಖರೀದಿ ಮಾಡಿದ್ರೂ ನೀವು ಇರೋ ಜಿಲ್ಲೆಯ ಗ್ರಾಹಕ ಆಯೋಗಕ್ಕ ದೂರು ಕೊಡಬಹುದು. ನಮಗ ಬೆಳಗಾವಿ. ಆನ್‌ಲೈನ್‌ನಾಗೂ ಹಾಕಬಹುದು. ಐದು ಲಕ್ಷದೊಳಗಿನ ಮಾಲಿಗೆ ಫೀ ಇಲ್ಲ. ವಕೀಲರು ಬೇಕ ಬೇಕು ಅಂತನೂ ಇಲ್ಲ."

"ವಕೀಲಾಗಿ ನೀನ ವಕೀಲರು ಬ್ಯಾಡ ಅಂತೀಯಲ್ಲ ಬೇ!" ಎಂದು ಗಿರಿಜವ್ವ ನಕ್ಕಳು.

ಅಕ್ಕವ್ವ ಮುಂದೆ ಸರಿದು ಕೂತಳು. "ಹಂಗಾರ ಹೊಸಾ ಗಾಡಿ ಕೊಡ್ತಾರನು?"

"ಕೇಳಿದವ್ರಿಗೆಲ್ಲಾ ಅಲ್ಲ ಅತ್ತಿ. ತಯಾರಿಯೊಳಗ ದೋಷ ಐತಿ ಅಂತ ಸಾಬೀತಾಗಬೇಕು. ಬೇಕಾದ್ರ ಆಯೋಗದವ್ರು ತಜ್ಞರ ಕಡೆ ಪರೀಕ್ಷೆ ಮಾಡಸ್ತಾರ. ರಿಪೇರಿ ಆಗೂದಿದ್ರ ರಿಪೇರಿ, ಇಲ್ಲಂದ್ರ ಬದಲಿ ಗಾಡಿ, ಇಲ್ಲಾ ರೊಕ್ಕ ವಾಪಸ್. ನಷ್ಟಕ್ಕ ಪರಿಹಾರನೂ ಕೇಳಬಹುದು. ಅದಕ್ಕ ಮಹಾದೇವಣ್ಣನ ಪಾನಾ ಮುಟ್ಟಿಸಬ್ಯಾಡ್ರಿ. ಹೊರಗ ಬಿಚ್ಚಿಸಿದ್ರ 'ನೀವ ಕೆಡಿಸೀರಿ' ಅಂತಾರ ಕಂಪನಿಯವ್ರು."

"ನನ್ನ ಮಗ ಸುರಜನ ಟಂಟಂ ಆಟೋ ಬಾಡಿಗಿಗೆ ಓಡ್ತೈತಿ. ಅದಕ್ಕೂ ನಡೀತೈತೇನು?" ಎಂದಳು ಅಕ್ಕವ್ವ.

"ತಾನ ಓಡಿಸಿ ಹೊಟ್ಟಿ ಹೊರಕೊಳ್ಳಾಕ ತಗೊಂಡಿದ್ರ ಅವನೂ ಗ್ರಾಹಕನ."

ಧರೆಪ್ಪ ಎಲ್ಲ ಕೇಳಿದ. ತಲೆ ಮಾತ್ರ ಮೇಲೆತ್ತಲಿಲ್ಲ. "ಖರೆ ಐತವ್ವಾ. ಆದ್ರ ಬೀಗರ ಮ್ಯಾಲೆ ದೂರು ಕೊಟ್ರ ನಮ್ಮ ರೂಪಾಲಿ ಆ ಮನ್ಯಾಗ ಹೆಂಗ ಬಾಳಬೇಕು?"

ಒಳಗಿದ್ದ ಸ್ನೇಹಲ ಬಾಗಿಲಿಗೆ ಬಂದು ನಿಂತಳು.

"ಅಪ್ಪಾ, ಆ ಟ್ರ್ಯಾಕ್ಟರಿನವ ಬ್ರೇಕ್ ಹಾಕದಿದ್ರ ಬೀಗರು ನನ್ನ ಮಣ್ಣಿಗೆ ಬರ್ತಿದ್ರು. ಅವಾಗ ಚೀಟಿ ಕೇಳ್ತಿದ್ದೇನು?"

ಧರೆಪ್ಪನ ಕಣ್ಣು ತುಂಬಿತು. ಅಲ್ಲೇ ಕೂತು ಸುಧೀರನಿಗೆ ಫೋನು ಹಚ್ಚಿದ. ಎಲ್ಲರಿಗೂ ಕೇಳಲೆಂದು ಕಾಂಚನ ಸ್ಪೀಕರ್ ಹಾಕಿದಳು.

"ಸುಧೀರಪ್ಪಾ, ಸಿಟ್ಟಾಗಬ್ಯಾಡ... ಗಾಡಿ ದೋಷ ಬರದ ಕೊಡ್ತೀವಿ. ಪ್ರತಿ ಸಲದ್ದೂ ಜಾಬ್ ಕಾರ್ಡ್ ಬೇಕು."

ಆ ಕಡೆಯಿಂದ ಸುಧೀರನ ದನಿ ಎದ್ದಿತು.

"ಅಹೋ ಮಾಮಾ! ಮೊದಲ ಕೇಳಬಾರ್ದೇನ್ರಿ? ಮನಿ ಮಂದಿ ಅಂತ ನಾನೂ ಹಂಗ ರಿಪೇರಿ ಮಾಡಿಸಿ ಕಳಿಸ್ದೆ. ನಿಮ್ಮ ಗಾಡಿ ಕೆಟ್ಟಿದ್ದು ಇಲ್ಲಿ ಎಲ್ಲೂ ದಾಖಲಾನ ಇಲ್ಲ. ಕಂಪನಿಯವ್ರಿಗೆ ನಾ ಏನ್ ತೋರಿಸ್ಲಿ?"

ಪಡಸಾಲೆಯಲ್ಲಿ ನಗು ಎದ್ದಿತು. ಇಬ್ಬರೂ ಒಬ್ಬರಿಗೊಬ್ಬರು ನಾಚಿ, ನಡುವೆ ಹುಡುಗಿಯ ಜೀವಕ್ಕೆ ಸಂಚಕಾರ ತಂದಿದ್ದರು.

ಮುಂದಿನ ಸಲ ಜಾಬ್ ಕಾರ್ಡ್ ಬಂತು. ಸ್ನೇಹಲ ಗಾಡಿ ನಿಂತಾಗ ತೆಗೆದಿದ್ದ ವಿಡಿಯೋಗಳೂ ಇದ್ದವು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ದೂರು ಬರೆಸಿದರು. ಕಂಪನಿಯ ಎಂಜಿನಿಯರು ಬಂದು ತಾನೇ ಓಡಿಸಿ ನೋಡಿದ, ಅವನನ್ನೂ ನಡುರಸ್ತೆಯಲ್ಲಿ ನಿಲ್ಲಿಸಿತು! ಎಂಜಿನ್ ಕಾದಾಗ ಪೆಟ್ರೋಲು ಬರುವುದೇ ನಿಲ್ಲುತ್ತಿತ್ತಂತೆ. ಬಿಡಿಭಾಗ ಬದಲಿಸಿದರೂ ದೋಷ ಹೋಗಲಿಲ್ಲ. ಆಗ ಬೆಳಗಾವಿಯ ಆಯೋಗಕ್ಕೆ ದೂರು ಹೋಯಿತು. ತಿಂಗಳುಗಟ್ಟಲೆ ಕಾಯಬೇಕಾಯಿತು, ಸುಳ್ಳೇಕೆ ಹೇಳಲಿ. ಅಲ್ಲಿಯವರೆಗೆ ಧರೆಪ್ಪನೇ ತನ್ನ ಬೈಕಿನಲ್ಲಿ ಮಗಳನ್ನು ಅಥಣಿಗೆ ಬಿಟ್ಟು ಬಂದ. ಕೊನೆಗೆ ಕಂಪನಿ ಗಾಡಿ ಬದಲಿಸಿಕೊಟ್ಟಿತು. ರೂಪಾಲಿ ಪಂಚಮಿಗೆ ತವರಿಗೆ ಬಂದಳು, ಕರೆತಂದವನು ಸುಧೀರನೇ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೊಸ ಗಾಡಿಯೂ ಹೀಗೆ ಸತಾಯಿಸುತ್ತಿದೆಯೇ? ದೃಷ್ಟಿ ತೆಗೆಯಿರಿ, ಬೇಡವೆನ್ನುವುದಿಲ್ಲ. ಆದರೆ ಬಿಲ್ಲು, ವಾರಂಟಿ ಕಾಗದ, ಜಾಬ್ ಕಾರ್ಡ್ ಜೋಪಾನ ಮಾಡಿ. ದೋಷವನ್ನು ಬರೆದೇ ಕೊಡಿ. ಅಂಗಡಿಯವರು ಕೇಳದಿದ್ದರೆ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಆಯೋಗವಿದೆ. ಆಯೋಗದ ದೂರಿಗೆ ದೋಷ ಕಂಡಂದಿನಿಂದ ಎರಡು ವರ್ಷದ ಗಡುವು, ಮರೆಯಬೇಡಿ. ಅಂಗಡಿಯವರು ಬೀಗರಿರಲಿ, ಗೆಳೆಯರಿರಲಿ, ಕೇಳಲು ನಾಚಬೇಡಿ. ನಡುರಸ್ತೆಯಲ್ಲಿ ನಿಂತ ಆ ಗಾಡಿಯ ಮೇಲೆ ಕೂತಿರುವುದು ನಿಮ್ಮ ಮಗಳು.