ಹ್ಯಾಲಮ್ ಅಧ್ಯಕ್ಷರ ಎಡಗೈ

ಒದ್ದೆ ಬಟ್ಟೆ ಬಿಚ್ಚಿದರೆ ಮಣ್ಣಿನ ವಾಸನೆ, ಮೂರ್ತಿಯ ಕೈ ಇನ್ನೂ ತೇವವಾಗಿದೆ, ಒಳ್ಳೆಯದು, ಕೊಯ್ಯಬಹುದು — ಮಧ್ಯಾಹ್ನ ಅಚ್ಚಿನವರು ಬರುತ್ತಾರೆ, ಅವರು ಪ್ಲಾಸ್ಟರ್ ಸುರಿದ ಮೇಲೆ ಹ್ಯಾಲಮ್ ಅಧ್ಯಕ್ಷರು ಯಾರ ಮಾತನ್ನೂ ಕೇಳುವುದಿಲ್ಲ, ಬದುಕಿದ್ದು ದೇಶ ಆಳುವಾಗಲೂ ಕೇಳುತ್ತಿರಲಿಲ್ಲವಂತೆ, ಕಂಚಾಗಿ ಪೊಟೊಮ್ಯಾಕ್ ನದಿಯ ದಂಡೆಯ ಮೇಲೆ ಕೂತುಬಿಡುತ್ತಾರೆ, ನನ್ನ ಗಂಡ ಲೈಲ್ ನಕ್ಷೆ ಬರೆದ ಗೋಡೆಗೆ ಬೆನ್ನು ಕೊಟ್ಟು, ಎಡಗೈ ಮೊಣಕಾಲಿನ ಮೇಲೆ, ಅಂಗೈ ತೆರೆದು. ಜನ ಬಂದು ಮುಟ್ಲಿ ಇನೆಜ್, ಗೋಡೆ ನಾನು ನೋಡ್ಕೋತೀನಿ, ಕೈ ನೀನು ಮಾಡು, ಅಂದಿದ್ದ. ಅವನಿಗೆ ಎಲ್ಲವೂ ಸುಲಭ. ಆ ಎಡಗೈಯದು ಒಂದು ಸರಿಯಾದ ಫೋಟೊ ಇಲ್ಲ, ಯಾವಾಗಲೂ ಜೇಬಿನಲ್ಲಿ, ಇಲ್ಲವೇ ಬೆನ್ನ ಹಿಂದೆ, ಹಾಗಾದ್ರೆ ನನ್ನದೇ ನೋಡ್ಕೊ ಎಂದು ಲೈಲ್ ಇಲ್ಲೇ ಕೂತ, ಬಲಗೈಯಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತ, ಸಾಸಿವೆ ಸಾಸ್ ಗಡ್ಡಕ್ಕೆಲ್ಲ, ಅಲ್ಲಾಡಬೇಡ ಮಾರಾಯ ಅಂದರೆ, ಅಧ್ಯಕ್ಷರಿಗೂ ಹಸಿವಾಗತ್ತೆ ಕಣೆ. ಜನವರಿಯಲ್ಲಿ ಹೋದ. ಹೃದಯ ನಿಂತಿತು ಅಂದರು.

ಸ್ಮಾರಕದ ಆಯೋಗದವರು ಕೋಟಿನ ಗುಂಡಿಗೇ ಎರಡು ಸಭೆ ಮಾಡಿದರು, ಕೈಯ ಬಗ್ಗೆ ತುಟಿ ಬಿಚ್ಚಲಿಲ್ಲ, ನಿನ್ನೆ ಬಂದವರು ಹ್ಯಾಲಮ್‌ರ ಮಗಳು ಮಾರ್ಜರಿ, ಎಪ್ಪತ್ತು ದಾಟಿದವರು, ನೇರ ಬಂದು ಆ ಕೈಯೊಳಗೆ ತಮ್ಮ ಕೈ ಇಟ್ಟರು, ಮೂರ್ತಿ ಆಳೆತ್ತರದ ಒಂದೂವರೆಯಷ್ಟು, ಅವರ ಕೈ ಮಗುವಿನದಾಯಿತು. ಚಿಕ್ಕವಳಾಗಿ ಹಿಡ್ಕೊಳ್ತಿದ್ದಾಗ ಇಷ್ಟೇ ದೊಡ್ಡದಿತ್ತು ಕಣಮ್ಮ, ಆದ್ರೆ ಇದು ಅಪ್ಪನ ಕೈಯಲ್ಲ. ಕುದುರೆ ತುಳಿದು ಕಿರುಬೆರಳು ಸೊಟ್ಟ ಆಗಿತ್ತು, ಎಲ್ಲರ ಮುಂದೆ ಮುಚ್ಚಿಡ್ತಿದ್ರು, ನನ್ನ ಹತ್ರ ಮಾತ್ರ ಇಲ್ಲ. ಇದು ಯಾರದು? ನನ್ನ ಗಂಡನದು, ಅಂದೆ. ಅವರು ಕೈ ತೆಗೆಯಲಿಲ್ಲ. ನಿಮಗೆ ಕಷ್ಟ ಅಂತ ಗೊತ್ತಾಗತ್ತೆ, ಆದ್ರೂ ಕೇಳ್ತೀನಿ, ಅದೊಂದು ಬೆರಳು ಬದಲಾಯಿಸಿಕೊಡಿ. ಸಿಟ್ಟು ಬಂತು, ನ್ಯಾಯವಿಲ್ಲದ ಸಿಟ್ಟು, ಸ್ಮಾರಕ ಅವರಪ್ಪನದು, ಲೈಲ್‌ನದಲ್ಲ.

ಒಂದು ಬೆರಳಂತೆ, ಕೈ ಎಲ್ಲಿ ಹಾಗೆ ಬಿಡಿಬಿಡಿಯಾಗಿರುತ್ತದೆ, ಕಿರುಬೆರಳು ಬಾಗಿದರೆ ಉಂಗುರಬೆರಳು ಜಾಗ ಬಿಡಬೇಕು, ಅಂಗೈಯ ಅಂಚು ಏಳಬೇಕು, ಎಲ್ಲವನ್ನೂ ಹೊಸದಾಗಿ ಮಾಡಬೇಕು — ಮಣ್ಣು ಕೊಯ್ಯುವ ತಂತಿ ಎಳೆದೆ, ಕೊಯ್ದದ್ದು ಬಕೆಟ್ಟಿಗೆ, ಒಳಗಿನ ಕಂಬಿ ಬಗ್ಗಿಸಿ, ಅದೇ ಮಣ್ಣು ಮತ್ತೆ ಕಂಬಿಗೆ, ಹೆಬ್ಬೆರಳಿಗೆ ತಂತಿ ತಾಗಿಸಲಿಲ್ಲ, ಅದು ಆಮೇಲೆ. ಸೊಟ್ಟ ಬೆರಳು ಕೂತಿತು, ಚೆನ್ನಾಗಿಯೇ ಕೂತಿತು, ಮಾರ್ಜರಿ ಗುರುತು ಹಿಡಿಯುತ್ತಾರೆ, ನನಗೂ ಸಮಾಧಾನ, ಸಮಾಧಾನವಾಯಿತೆಂದು ನಾಚಿಕೆ, ಉಂಗುರಬೆರಳು, ನಡುಬೆರಳು, ತೋರುಬೆರಳು, ಹೆಬ್ಬೆರಳು ಆಮೇಲೆ — ಹೊರಗೆ ಲಾರಿ ನಿಂತ ಸದ್ದು, ಆಯ್ತಾ ಇನೆಜ್, ಅಚ್ಚಿನ ಮೇಸ್ತ್ರಿ ಬಾಗಿಲಲ್ಲಿ, ಇರಿ, ಇನ್ನೊಂದಿದೆ, ಒಂದೇ ಉಳಿದಿದೆ, ಹೆಬ್ಬೆರಳು, ಪೆನ್ಸಿಲ್ ಹೆರೆಯುವಾಗ ಬ್ಲೇಡು ತಾಗಿ ಸೀಳಿದ ಲೈಲ್‌ನ ಉಗುರು, ಈ ಕೈಗೆ ಅದು ಹೊಂದುವುದಿಲ್ಲ, ತಂತಿ ನನ್ನ ಕೈಯಲ್ಲಿದೆ, ಹೆಬ್ಬೆರಳು, ಸೀಳಿದ ಉಗುರು, ಹೆಬ್ಬೆರಳು —