ನೋಲೀನ್ ಆರಿಸಿದ ಡಚ್ ಓವನ್

ಡಬ್ಬೊ ಪೇಟೆ ತಲುಪುವಷ್ಟರಲ್ಲಿ ನೋಲೀನ್ ಪಿಕಪ್‌ನ ಕಿಟಕಿ ಗಾಜನ್ನು ಹತ್ತು ಸಲ ಇಳಿಸಿ ಹತ್ತು ಸಲ ಏರಿಸಿದ್ದಳು.

"ಗಾಳಿ ಬೇಕಾ ಬೇಡ್ವಾ, ಒಂದು ತೀರ್ಮಾನಕ್ಕೆ ಬಾ ಮಾರಾಯ್ತಿ," ಅಂದ ಗಂಡ ಮರ್ವ್.

"ನೀನು ರಸ್ತೆ ನೋಡು."

ಮೂವತ್ತು ವರ್ಷ ಕುರಿಯ ಉಣ್ಣೆ ಕತ್ತರಿಸುವವರ ಷೆಡ್‌ಗಳಲ್ಲಿ ಅಡುಗೆ ಮಾಡಿ ಹಾಕಿದವಳು ಅವಳು. ಹೋದ ಚಳಿಗಾಲದಲ್ಲಿ ನಾಯಿ ಕಾಲಿಗೆ ಅಡ್ಡ ಬಂದು ಹಿತ್ತಿಲ ಮೆಟ್ಟಿಲಿನಿಂದ ಬಿದ್ದಳು. ಎಡಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡಿತು, ಬಲ ಮಾತ್ರ ಮರಳಲಿಲ್ಲ. ಆಮೇಲೊಂದು ದಿನ ಮನೆಯ ಹಳೇ ಡಚ್ ಓವನ್ನನ್ನು ಒಲೆಯಿಂದ ಇಳಿಸುವಾಗ ಎಡಗೈ ಕೈಕೊಟ್ಟಿತು. ಆ ದಪ್ಪ ಎರಕದ ಕಬ್ಬಿಣದ ಮುಚ್ಚಳದ ಪಾತ್ರೆ ಕುದಿಯುವ ಸಾರಿನ ಸಮೇತ ಮರ್ವ್‌ನ ಪಾದದಿಂದ ಗೇಣು ದೂರದಲ್ಲಿ ಬಿದ್ದು ಸೀಳಿಹೋಯಿತು.

ಅಂದಿನಿಂದ ಅವಳು ಒಲೆ ಹಚ್ಚಲಿಲ್ಲ. ಮರ್ವ್ ಡಬ್ಬಿಯ ಬೀನ್ಸನ್ನು ಟೋಸ್ಟ್ ಮೇಲೆ ಸುರಿದುಕೊಂಡು ಉಣ್ಣುತ್ತಿದ್ದ. ತುಟಿಪಿಟಕ್ಕೆನ್ನುತ್ತಿರಲಿಲ್ಲ. ಅವನು ಗೊಣಗಿದ್ದರಾದರೂ ಜಗಳವಾಡಬಹುದಿತ್ತು. ನೋಲೀನ್ ಕೂತಲ್ಲಿ ಕೂರದೆ, ಜೋಡಿಸಿದ ಕಪಾಟನ್ನೇ ಮತ್ತೆ ಮತ್ತೆ ಇಳಿಸಿ ಜೋಡಿಸುತ್ತಿದ್ದಳು.

ಕೊನೆಗೆ ಹೊಸದೊಂದನ್ನು ಕೊಳ್ಳೋಣವೆಂದು ಇಬ್ಬರೂ ಇವತ್ತು ಡಬ್ಬೊಗೆ ಬಂದಿದ್ದರು. ಪಾತ್ರೆ ಅಂಗಡಿಯಲ್ಲಿ ಒಂದು ಗೋಡೆಯ ಉದ್ದಕ್ಕೂ ಡಚ್ ಓವನ್‌ಗಳೇ. ಕೆಂಪು, ನೀಲಿ, ಹಸಿರು ಎನಾಮಲ್ ಥಳಥಳ ಹೊಳೆಯುತ್ತಿತ್ತು. ನೋಲೀನ್ ಸೀದಾ ಏಳು ಲೀಟರಿನದಕ್ಕೆ ಕೈಹಾಕಿದಳು.

"ಇದು ಏಳು ಜನಕ್ಕಾಗುತ್ತೆ," ಅಂದಳು ಅಂಗಡಿಯ ಹುಡುಗಿ ಕಿರಲಿ. "ನೀವು ಮನೇಲಿ ಎಷ್ಟು ಜನ?"

"ಇಬ್ರು. ಆದ್ರೆ ಇವನು ಐದು ಜನದ್ದು ತಿಂತಾನೆ."

ಕಿರಲಿ ನಕ್ಕು, ನೋಲೀನ್ ಎಡ ಮಣಿಕಟ್ಟಿಗೆ ಇನ್ನೂ ಸುತ್ತಿಕೊಂಡಿದ್ದ ಪಟ್ಟಿ ನೋಡಿ, ಒಂದು ಹಗುರ ಅಲ್ಯೂಮಿನಿಯಂ ಪಾತ್ರೆ ತಂದಿಟ್ಟಳು. "ಇದನ್ನ ಒಂದೇ ಕೈಲಿ ಎತ್ತಬಹುದು, ನೋಡಿ."

ನೋಲೀನ್ ಬೆರಳ ಗೆಣ್ಣಿನಿಂದ ಅದನ್ನು ಕುಟ್ಟಿದಳು. "ತಳ ಎಷ್ಟು ತೆಳು! ಮೂರು ಗಂಟೆ ಇಟ್ರೆ ಮಾಂಸ ಸೀದು ಕರಕಲಾಗುತ್ತೆ ಕಣಮ್ಮ."

ಮತ್ತೆ ಏಳು ಲೀಟರಿನದಕ್ಕೇ ಬಂದಳು. ಎತ್ತಿದಳು, ಇಟ್ಟಳು. ಹಸಿರಿನದನ್ನು ಎತ್ತಿದಳು, ಇಟ್ಟಳು. ಕೆಂಪಿನದರ ಮುಚ್ಚಳವನ್ನು ಎಡಗೈಯಲ್ಲಿ ತೆಗೆಯಲು ಹೋದಳು. ಅದು ಜಾರಿತು. ಠಣ್ಣೆಂದು ನೆಲಕ್ಕೆ ಬಿದ್ದು ಒಂದು ಟೈಲ್‌ನ ಮೂಲೆ ಹಾರಿತು. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಲೀನ್ ಯಾರ ಮುಖವನ್ನೂ ನೋಡದೆ ಹೊರಗೆ ಹೋಗಿ ಪಿಕಪ್ ಹತ್ತಿ ಬಾಗಿಲು ಬಡಿದುಕೊಂಡಳು.

ಸ್ವಲ್ಪ ಹೊತ್ತಿನಲ್ಲಿ ಮರ್ವ್ ಬರಿಗೈಯಲ್ಲಿ ಬಂದ.

"ಟೈಲ್ ವಿಷಯ ಬಿಟ್ಟುಬಿಡಿ ಅಂದ್ಲು ಆ ಹುಡುಗಿ. ನಡಿ ಒಳಗೆ."

"ನನ್ನ ಕೈಲಾಗಲ್ಲ ಮರ್ವ್. ನಿನ್ನ ಕಾಲಿನ ಮೇಲೆ ಬಿದ್ದಿದ್ರೆ?"

"ಬಿದ್ದಿಲ್ಲವಲ್ಲ."

"ಬಿದ್ದಿದ್ರೆ?"

ಮರ್ವ್ ಹ್ಯಾಟ್ ತೆಗೆದು ತಲೆ ಕೆರೆದುಕೊಂಡ. "ಷೆಡ್‌ನಲ್ಲಿ ಇಪ್ಪತ್ತು ಜನದ ಪಾತ್ರೆಯನ್ನ ನೀನೊಬ್ಬಳೇ ಇಳಿಸ್ತಿದ್ದೆಯಾ?"

"ಹುಚ್ಚಾ? ಇಬ್ರು ಗಂಡಾಳು ಬೇಕಿತ್ತು."

"ಅವರನ್ನ ಕೂಗಿ ಕರೀತಿದ್ದೆ. ಮನೇಲಿ ನಾನೊಬ್ಬ ಇದೀನಿ, ನನ್ನನ್ನ ಒಂದು ಸಲಾನೂ ಕರೀಲಿಲ್ಲ. ಆ ಬೀನ್ಸ್ ಡಬ್ಬಿ ಕಂಡ್ರೆ ವಾಂತಿ ಬರುತ್ತೆ ಕಣೇ ನಂಗೆ."

"ಈಗ ಹೇಳ್ತೀಯಾ ಇದನ್ನ?"

"ನಿಂಗೆ ನೋವಾಗುತ್ತೆ ಅಂತ ಸುಮ್ಮನಿದ್ದೆ."

"ಎಂಥ ದಡ್ಡನಯ್ಯಾ ನೀನು," ಎಂದು ನೋಲೀನ್ ಕೆಳಗಿಳಿದಳು.

ಈ ಸಲ ಅವಳು ಬಣ್ಣ ನೋಡಲಿಲ್ಲ. ಕಿರಲಿಯಿಂದ ಒಲೆಯ ಕೈಗವಸು ಕೇಳಿ ಪಡೆದು, ಮರ್ವ್‌ನ ಅಗಲ ಕೈಗಳಿಗೆ ತಾನೇ ತೊಡಿಸಿ, ಒಂದೊಂದೇ ಪಾತ್ರೆ ಎತ್ತಿಸಿದಳು. ಕೆಲವಕ್ಕೆ ಹಿಡಿಕೆಯೊಳಗೆ ಎರಡೇ ಬೆರಳು ತೂರಿದವು. ಕೊನೆಗೆ ಐದು ಲೀಟರಿನದೊಂದು ಸಿಕ್ಕಿತು. ಸಾಸಿವೆ ಬಣ್ಣ, ನೋಡಲು ಚೆಂದವಿಲ್ಲ. ಆದರೆ ಹಿಡಿಕೆಗಳು ದೊಡ್ಡವು, ನಾಲ್ಕೂ ಬೆರಳು ಒಳಗೆ ಕೂತವು. ಮುಚ್ಚಳದ ಗುಬುಟು ಅವಳ ಬಲಗೈ ಮುಷ್ಟಿ ತುಂಬುವಷ್ಟಿತ್ತು.

"ಇದೇ," ಅಂದಳು. "ಬಣ್ಣ ಮಾತ್ರ ದೇವರಿಗೇ ಪ್ರೀತಿ."

ಅಂದು ಸಂಜೆ ಕುರಿಯ ಕತ್ತಿನ ಮಾಂಸವನ್ನು ಈರುಳ್ಳಿಯ ಜೊತೆ ಹುರಿದು, ಬಾರ್ಲಿ, ಕ್ಯಾರೆಟ್ ಹಾಕಿ ಮುಚ್ಚಿಟ್ಟಳು. ಕೂತಳು, ಎದ್ದಳು, ಮುಚ್ಚಳ ತೆರೆದು ನೋಡಿ ಮುಚ್ಚಿದಳು.

"ಹೀಗೆ ಹತ್ತು ಸಲ ತೆಗೆದ್ರೆ ಬೇಯುತ್ತಾ ಅದು?" ಅಂದ ಮರ್ವ್.

"ನಂಗೆ ಹೇಳಿಕೊಡ್ತೀಯಾ?"

ಬೆಂದಾಗ ಅವಳು ಕೂಗಿದಳು. ಅವನು ಕೈಗವಸು ತೊಟ್ಟು ಪಾತ್ರೆಯನ್ನು ಇಳಿಸಿ ಮೇಜಿನ ಮೇಲಿಟ್ಟ. ಅಷ್ಟೂ ಹೊತ್ತು ನೋಲೀನ್ ಎಡಗೈಯನ್ನು ಎದೆಗೊತ್ತಿಕೊಂಡು ಅವನ ಪಾದಗಳನ್ನೇ ನೋಡುತ್ತಿದ್ದಳು. ಆಮೇಲೆ ಬಲಗೈಯಲ್ಲಿ ಸೌಟು ಹಿಡಿದು, ಅವನ ತಟ್ಟೆಗೆ ಅವನಿಷ್ಟದ ಮೂಳೆ ತುಂಬಿದ ತುಂಡುಗಳನ್ನು ಬಡಿಸಿದಳು. ಮಾಂಸ ಇನ್ನೊಂದರ್ಧ ಗಂಟೆ ಬೇಯಬೇಕಿತ್ತೆಂದು ಇಬ್ಬರಿಗೂ ಗೊತ್ತಾಯಿತು. ಅವನು ಎರಡನೇ ಸಲ ತಟ್ಟೆ ಚಾಚಿದ.