ಮಡಿ ರಬ್ಬರು

"ಏ ಏ ಏ, ಅಲ್ಲೇ ನಿಂದ್ರು! ಗಂಟು ತುಳಸಿಕಟ್ಟಿ ಮ್ಯಾಲ ಇಡಬ್ಯಾಡ, ನೆಲಕ್ಕ ಇಡು. ಎಷ್ಟು ಸಲ ಹೇಳಬೇಕು ನಿನಗ? ಕಿವ್ಯಾಗ ಹತ್ತಿ ತುರುಕೊಂಡೀ ಏನು?"

ಭಾಗೀರಥೀಬಾಯಿ ಹಿತ್ತಲ ಬಾಗಿಲಲ್ಲಿ ನಿಂತು ಕೂಗಿದ ರಭಸಕ್ಕೆ ತುಳಸಿಕಟ್ಟೆಯ ಮೇಲಿದ್ದ ಕಾಗೆ ಹಾರಿಹೋಯಿತು. ಹೊಳಿಯವ್ವ ಹಾರಲಿಲ್ಲ. ಎರಡು ವರ್ಷದಿಂದ ಕೇಳಿ ಕೇಳಿ ರೂಢಿಯಾಗಿತ್ತು. ಎರಡು ಮಾರು ಹಿಂದೆ ಸರಿದು ಗಂಟನ್ನು ನೆಲಕ್ಕಿಟ್ಟು, ಬಿಚ್ಚಿ, ಸೆರಗು ಸರಿಮಾಡಿಕೊಂಡು ನಿಂತಳು.

ಗಂಟಿನಲ್ಲಿದ್ದವು ಹೆಂಗಸರು ಜಡೆಗೆ, ತುರುಬಿಗೆ ಹಾಕಿಕೊಳ್ಳುವ ಬಟ್ಟೆಯ ರಬ್ಬರುಗಳು. ಬ್ಯಾಡಗಿಯ ಕೇರಿಯಲ್ಲಿ ಅದಕ್ಕೆ ರಬ್ಬರು ಅನ್ನುತ್ತಾರೆ. ಭಾಗೀರಥೀಬಾಯಿಯ ಸೊಸೆ ಶ್ರೀವಾಣಿ ಸ್ಕ್ರಂಚಿ ಅನ್ನುತ್ತಾಳೆ. ಹೆಸರು ಬದಲಾದರೆ ಬೆಲೆ ಬದಲಾಗುತ್ತದೆ ಎಂಬುದು ಶ್ರೀವಾಣಿಗೆ ಗೊತ್ತಿತ್ತು.

ಮುದುಕಿ ತಂಬಿಗೆಯಲ್ಲಿ ತುಳಸಿ ದಳ ಅದ್ದಿ ರಬ್ಬರುಗಳ ಮೇಲೆ ಮೂರು ಸಲ ನೀರು ಚಿಮುಕಿಸಿದರು. ನೂರಿಪ್ಪತ್ತು ರಬ್ಬರು ಅರ್ಧ ನಿಮಿಷದಲ್ಲಿ ಜಾತಿ ಬದಲಿಸಿದವು. ಆಮೇಲೆ ಅವು ಒಳಗೆ ಹೋಗಬಹುದು, ದೇವರ ಕೋಣೆಯ ಮುಂದೆ ಕೂತು ಶ್ರೀವಾಣಿ ಅವಕ್ಕೆ ಚೀಟಿ ಅಂಟಿಸಬಹುದು. ಚೀಟಿಯಲ್ಲಿ ಹೀಗೆ ಅಚ್ಚು ಹಾಕಿಸಿದ್ದಳು: 'ದೇವಿಯ ಉಡಿ ತುಂಬಿದ ಖಣದಿಂದ, ಮಡಿಯಲ್ಲಿ ಕೈಯಾರೆ ಹೊಲಿದದ್ದು.' ಪೂಜೆಗೆ ಕೂಡುವ ಹೆಂಗಸರಿಗಾಗಿ ಮಡಿ ರಬ್ಬರು. ಮಡಿಗೆ ಎಲಾಸ್ಟಿಕ್ ನಡೆಯುತ್ತದೆಯೇ ಎಂದು ರಾಣೆಬೆನ್ನೂರಿನಿಂದ ಹಾವೇರಿಯವರೆಗೆ ಒಬ್ಬ ಹೆಣ್ಣುಮಗಳೂ ಕೇಳಲಿಲ್ಲ.

ಖಣವೂ ಇಲ್ಲ, ಉಡಿಯೂ ಇಲ್ಲ. ಸ್ಟೇಶನ್ ರಸ್ತೆಯ ದರ್ಜಿ ಇಸಾಕಸಾಬರ ಅಂಗಡಿಯಲ್ಲಿ ಕತ್ತರಿಸಿ ಉಳಿದ ಚೂರುಗಳನ್ನು ಹೊಳಿಯವ್ವ ಗುಡಿಸಿ ತರುತ್ತಿದ್ದಳು. ಚೂರಿಗೆ ಚೂರು ಜೋಡಿಸಿ, ಉದ್ದ ಪಟ್ಟಿ ಮಾಡಿ, ಒಳಮೈ ಹೊರಗೆ ಮಾಡಿ ಮಷೀನಿನಲ್ಲಿ ಹೊಲಿಯುವುದು. ಪಿನ್ನು ಸಿಕ್ಕಿಸಿ ತಿರುವಿ, ಎಲಾಸ್ಟಿಕ್ ಓಡಿಸಿ, ಗಂಟು ಹಾಕಿ ಬಾಯಿ ಮುಚ್ಚುವುದು. ಮೊದಲು ಒಂದು ತನಗೇ ಅಂತ ಹೊಲಿದು ಹಾಕಿಕೊಂಡಿದ್ದಳು. ಶ್ರೀವಾಣಿ ಅದನ್ನು ಅವಳ ತಲೆಯ ಮೇಲೆ ಕಂಡಳು, ಮುಟ್ಟದೆ ಮೆಚ್ಚಿದಳು, ಫೋಟೋ ಹೊಡೆದುಕೊಂಡಳು. ಅಲ್ಲಿಂದ ಅದು ಶ್ರೀವಾಣಿಯ ಐಡಿಯಾ ಆಯಿತು.

ಮಷೀನು ಮಾತ್ರ ಹೊಳಿಯವ್ವನದು. ಕೇರಿಯ ಹೆಂಗಸರಿಗೆ ಸರ್ಕಾರ ಕೊಟ್ಟದ್ದು. ಕಾಗದದಲ್ಲಿ ಅವಳ ಹೆಸರು, ಅವಳ ಫೋಟೋ, ಅವಳ ಜಾತಿ ಸರ್ಟಿಫಿಕೇಟು. ಅರ್ಜಿ ತುಂಬಿಕೊಟ್ಟವನು ಶ್ರೀವಾಣಿಯ ಗಂಡ ಅಣ್ಣಾಜಿ. ಮಷೀನು ಬಂದ ದಿನ ಫೋಟೋ ಹೊಡೆಸಿದ ಮೇಲೆ ಅದನ್ನು ಹೊತ್ತ ಟಂಟಂ ರಿಕ್ಷಾ ಕೇರಿಯ ಕಡೆ ತಿರುಗಲಿಲ್ಲ, ಅಣ್ಣಾಜಿಯ ಮನೆಯ ಕಡೆ ತಿರುಗಿತು. "ನಿಮ್ಮನ್ಯಾಗ ಇಲಿ ಬೆಲ್ಟ್ ಕಡೀತಾವ, ನಮ್ಮಲ್ಲೇ ಇರ್ಲಿ, ಬಂದು ಹೊಲಿ" ಅಂದರು. ಅಂದಿನಿಂದ ಹೊಳಿಯವ್ವ ತನ್ನ ಮಷೀನು ತುಳಿಯಲು ಬೇರೆಯವರ ಹಿತ್ತಲಿಗೆ, ಸಂಡಾಸಿನ ಪಕ್ಕದ ತಗಡಿನ ಕೆಳಗೆ ಹೋಗಿ ಕೂಡುತ್ತಿದ್ದಳು. ಅಲ್ಲಿ ಇಲಿ ಇರಲಿಲ್ಲ ಎಂದೇನಲ್ಲ. ಆ ಇಲಿಗಳಿಗೆ ಮಡಿ ಇತ್ತು.

*

ಹೊತ್ತು ಏರಿದ ಮೇಲೆ ಹೊಳಿಯವ್ವ ಮೆಣಸಿನಕಾಯಿ ವಖಾರಿಯಲ್ಲಿ ತೊಟ್ಟು ಬಿಡಿಸಲು ಕೂಡುತ್ತಿದ್ದಳು. ಪಕ್ಕದಲ್ಲಿ ಸಿಮ್ರಾನ. ಇಬ್ಬರಿಗೂ ಒಂದೇ ಕೆಮ್ಮು. ಸಿಮ್ರಾನಳ ಹತ್ತಿರ ಫೋನಿತ್ತು, ಬಾಯಿಯೂ ಇತ್ತು.

"ಏ ಹೊಳೆವ್ವಾ, ಇಲ್ಲಿ ನೋಡು, ನಿಮ್ಮ ಅಕ್ಕಾರು!"

ಫೋನಿನಲ್ಲಿ ಶ್ರೀವಾಣಿ ರೇಷ್ಮೆ ಸೀರೆ ಉಟ್ಟು, ಮೂಗುತಿ ಹಾಕಿ, ಮಷೀನಿನ ಮುಂದೆ ಕೂತಿದ್ದಳು. "ಫ್ರೆಂಡ್ಸ್, ಮುಂಜಾನೆ ಸ್ನಾನ ಮಾಡಿ, ಮಡಿ ಉಟ್ಟು, ದೇವರ ನಾಮ ಅನ್ಕೋತ ಒಂದೊಂದನ್ನೂ ನಾನಽ ಹೊಲೀತೀನಿ."

ಸಿಮ್ರಾನ ಕಣ್ಣು ಕಿರಿದು ಮಾಡಿದಳು. "ಅಯ್ಯ ನನ್ನ ಖುದಾ! ಸೂಜ್ಯಾಗ ದಾರಾನಽ ಇಲ್ಲ! ದಾರ ಇಲ್ಲದ ಹೊಲ್ಯಾಕತ್ತಾಳಲ್ಲ, ಇದು ಯಾವ ದೇವರು ಕೊಟ್ಟ ವರಾನವಾ?"

"ಕಾಲ ನೋಡು, ಕಾಲ. ಪೆಡ್ಲಿನ ಮ್ಯಾಲ ಇಟ್ಟಿಲ್ಲ. ನಾ ತುಳಿದ ಪೆಡ್ಲು ತುಳದ್ರ ಮಡಿ ಹೋಗತೈತಿ."

"ಕಾಲ ಇಟ್ರ ಹೋಗೂ ಮಡಿ ಮುಕಳಿ ಇಟ್ರ ಹೋಗೂದಿಲ್ಲೇನು? ಆ ಸ್ಟೂಲು ನೀ ಕುಂದ್ರೂದು ಅಲ್ಲೇನಽ?"

ವಖಾರಿಯ ಹೆಂಗಸರೆಲ್ಲ ನಕ್ಕರು, ನಕ್ಕದ್ದಕ್ಕೆ ಕೆಮ್ಮಿದರು. ಹೊಳಿಯವ್ವ ಮಾತ್ರ ಫೋನಿನಲ್ಲಿದ್ದ ಮಷೀನನ್ನೇ ನೋಡುತ್ತಿದ್ದಳು. ಆ ವಿಡಿಯೋ ರೀಲಿಗಾಗಿ ಅದನ್ನು ಪಡಸಾಲೆಗೆ ಒಯ್ಯುವ ಮೊದಲು ಭಾಗೀರಥೀಬಾಯಿ ಎರಡು ಕೊಡ ನೀರು ಸುರಿದು ಸ್ನಾನ ಮಾಡಿಸಿದ್ದರು. ಮೂರು ದಿನ ತುಕ್ಕು ಒರೆಸಿ, ಎಣ್ಣೆ ಬಿಟ್ಟು, ಅದನ್ನು ಬದುಕಿಸಿಕೊಂಡವಳು ಹೊಳಿಯವ್ವ.

"ನಿನ್ನ ಮಷೀನು ನೀ ತಂದು ನಮ್ಮ ಪಡಸಾಲ್ಯಾಗ ಹಾಕ ಮಾರಾಯ್ತಿ," ಅಂದಳು ಸಿಮ್ರಾನ. "ಇಬ್ಬರೂ ಹೊಲಿಯೂಣು. ಈ ಸುಡುಗಾಡು ಘಾಟಿನ್ಯಾಗ ಇನ್ನೆಷ್ಟು ವರ್ಷ ಎದಿ ಸುಟ್ಟುಕೊಳ್ಳೂದು? ನಿನ್ನ ಮಷೀನು ಕೇಳಾಕ ನಿನಗೇನು ಧಾಡಿ?"

ಅಂದೇ ಸಂಜೆ ಹೊಳಿಯವ್ವ ಹಿತ್ತಲಲ್ಲಿ ನಿಂತು ಕೇಳಿದಳು. "ಅಕ್ಕಾರ, ನನ್ನ ಮಷೀನು ಒಯ್ತೀನ್ರಿ."

ಶ್ರೀವಾಣಿ ಕೆಟ್ಟ ಮಾತು ಆಡುವವಳಲ್ಲ. ಡಿಗ್ರಿ ಓದಿದವಳು. "ಅಯ್ಯ, ಒಯ್ಯವಾ! ನಿಂದು ನೀ ಒಯ್ಲಿಕ್ಕೆ ನನ್ನ ಕೇಳೋದೇನದ? ನನಗಂತೂ ಜಾತಿ ಗೀತಿ ಏನೂ ಇಲ್ಲ, ಅದೆಲ್ಲಾ ನಮ್ಮ ಅತ್ತಿಯವರದು. ಹಾವೇರಿ ಮಹಿಳಾ ಮೇಳ ಒಂದು ಮುಗೀಲಿ, ಟಂಟಂ ಮಾಡಿ ನಾನಽ ಕಳಸ್ತೀನಿ. ಅಲ್ಲಿ ನೀ ಪಡದೆ ಹಿಂದ ಕೂಡು. ಯಾವುದರ ಹೊಲಿಗಿ ಬಿಟ್ರ ಲಗೂನ ಹಾಕಿ ಕೊಡು. ಹೊರಗ ಬರಬ್ಯಾಡ, ಬಾಯಿ ಬಿಡಬ್ಯಾಡ. ಇಷ್ಟಽ."

"ಬಾಯಿ ಬಿಟ್ರ?"

"ಮಷೀನಿನ ಕಾಗದ ನಮ್ಮನಿಯವರ ಟ್ರಂಕಿನ್ಯಾಗ ಅವ, ಹೊಳಿಯವ್ವಾ," ಅಂದಳು ಶ್ರೀವಾಣಿ. ನಗುತ್ತಲೇ ಅಂದಳು.

*

ಮೇಳದ ದಿನ ಮುಂಜಾನೆ ಇನ್ನೊಂದು ರಾಮಾಯಣ. ರಬ್ಬರುಗಳನ್ನು ಹೊಳಿಯವ್ವ ತನ್ನ ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ ಕಾರಿನ ಬಳಿ ತಂದಿದ್ದಳು.

"ಆಕೀ ಸೀರಿ ಕಾರಿನ್ಯಾಗ ಇಡ್ತೀರೇನು? ನಾ ಎಲ್ಲಿ ಕೂಡಬೇಕು?" ಭಾಗೀರಥೀಬಾಯಿ ಕಾರಿನ ಬಾಗಿಲು ಹಿಡಿದು ನಿಂತುಬಿಟ್ಟರು. "ಅಣ್ಣಾಜೀ, ಬ್ಯಾರೆ ಚೀಲ ತಾ!"

ಅಣ್ಣಾಜಿ ಗೊಣಗುತ್ತ ಅಟ್ಟ ಹತ್ತಿದ. ಕೈಗೆ ಸಿಕ್ಕ ಚೀಲ ಝಾಡಿಸಿದ, ಒಂದು ಸಲ ಸೀನಿದ, ಧೂಳು ಅಂದುಕೊಂಡ, ಎಲ್ಲ ರಬ್ಬರು ಅದಕ್ಕೆ ಸುರಿದ. ಚೀಲದ ಮೇಲೆ ತುಳಸಿ ನೀರು ಬಿತ್ತು. ಕಾರು ಹೊರಟಿತು. ಹಿಂದೆ ಟಂಟಂನಲ್ಲಿ ಹೊಳಿಯವ್ವ ಮತ್ತು ಮಷೀನು ಹೊರಟರು. ಮೋಟೆಬೆನ್ನೂರಿನ ಉಬ್ಬುಗಳಲ್ಲಿ ಅದು ವಾಲಿದಾಗಲೆಲ್ಲ ಅವಳು ತೋಳು ಕೊಟ್ಟು ಹಿಡಿದಳು.

ಹಾವೇರಿಯ ಸಭಾಭವನದಲ್ಲಿ ಮಷೀನಿಗೆ ಚೆಂಡುಹೂವಿನ ಮಾಲೆ ಬಿತ್ತು. ಅದು ವೇದಿಕೆಯ ನಡುವೆ ಕೂತಿತು. ಹೊಳಿಯವ್ವ ಪಡದೆಯ ಹಿಂದೆ ನೆಲದ ಮೇಲೆ ಕೂತಳು. ಮುಂದೆ ಭಾಗೀರಥೀಬಾಯಿಯೂ ಸೇರಿ ಅವರ ಭಜನಾ ಮಂಡಳಿಯ ಹದಿನಾರು ಹೆಂಗಸರು, ಎಲ್ಲರಿಗೂ ಒಂದೇ ಬಣ್ಣದ ಸೀರೆ, ಎಲ್ಲರ ತುರುಬಿಗೂ ಮಡಿ ರಬ್ಬರು. "ಪಿನ್ನು ಗಿನ್ನು ಬ್ಯಾಡ, ಬರೇ ಸ್ಕ್ರಂಚಿ ಕಾಣಲಿ" ಎಂದು ಶ್ರೀವಾಣಿ ಎಲ್ಲರ ಪಿನ್ನೂ ತೆಗೆಸಿದ್ದಳು. ಮೊದಲು ಇವರ ಸ್ವಾಗತ ಗೀತೆ, ಆಮೇಲೆ ಜಿಲ್ಲೆಯ ದೊಡ್ಡ ಮೇಡಮ್ಮಿನ ಕೈಯಿಂದ ಶ್ರೀವಾಣಿಗೆ ಶಾಲು.

ಹಾರ್ಮೋನಿಯಂ ಪೆಟ್ಟಿಗೆಯವಳು ಶ್ರುತಿ ಹಿಡಿದಳು. ತಾಳದವಳು ಸೀನಿದಳು. ಒಂಟಿ ಸೀನು ಅಪಶಕುನ ಎಂದು ಎಲ್ಲರೂ ತಡೆದರು. ಎರಡನೆಯವಳು ಸೀನಿದಳು. ಜೋಡಿ ಆಯಿತು, ಶುಭ ಎಂದು ಸಮಾಧಾನ ಮಾಡಿಕೊಂಡರು. ಆಮೇಲೆ ಶಕುನ ಎಣಿಸುವುದು ಯಾರಿಂದಲೂ ಆಗಲಿಲ್ಲ. ತುರುಬು ಮುಟ್ಟಿದ ಕೈ ಕಣ್ಣಿಗೆ ಹೋಯಿತು, ಕಣ್ಣು ಧಾರಾಕಾರ ಹರಿಯಿತು. ಭಕ್ತಿ ಎಂದುಕೊಂಡು ಮೇಡಮ್ಮು ಕೈಮುಗಿದರು.

ಭಾಗೀರಥೀಬಾಯಿ ಕುತ್ತಿಗೆ ಕೆರೆದುಕೊಂಡು, ಬೆರಳು ಮೂಸಿ, ತಮ್ಮ ಮುಂದಿನ ಮೈಕನ್ನೂ ಮರೆತು ಚೀರಿದರು. "ಹೊಳೆವ್ವಾ! ಏ ರಂಡೆ, ಹೊರಗ ಬಾ! ಮೆಣಸಿನಕಾಯಿ ಕೈಲೇ ಹೊಲದೀ ಏನು ಇವನ್ನ?"

ಸಭಾಭವನದ ಮೂಲೆ ಮೂಲೆಗೂ ಅದು ಚೆನ್ನಾಗಿ ಕೇಳಿಸಿತು.

ಮಂಡಳಿಯ ಶ್ರದ್ಧಾ ಎಂಬಾಕೆ ಕಣ್ಣೊರೆಸಿಕೊಂಡಳು. "ಹೊಲದೀ ಅಂದ್ರ? ಶ್ರೀವಾಣೀ, ಇವು ನೀ ಮಡೀಲೆ ಹೊಲದದ್ದಲ್ಲೇನು? ಈ ಹೊಳೆವ್ವ ಯಾರು?"

"ಇಲ್ರೀ, ಆಕಿ ಬರೇ ಹೆಲ್ಪರು... ಚೀಲ ಎತ್ತಾಕಿ..."

ಹೊಳಿಯವ್ವ ಪಡದೆ ಸರಿಸಿ ಬಂದಳು. ನೇರ ಹೋಗಿ ಚೀಲ ಎತ್ತಿದಳು, ಮೂಸಿದಳು, ಒಳಮೈ ಹೊರಗೆ ಮಾಡಿ ಝಾಡಿಸಿದಳು. ಕೆಂಪು ಪುಡಿ ವೇದಿಕೆಯ ಮೇಲೆ ಉದುರಿತು.

"ನನ್ನ ಕೈ ಅಲ್ರಿ ಬಾಯಾರ. ನಾ ಮೂರು ಸಲ ಸಾಬಾಣ ಹಚ್ಚಿ ತೊಳಕೊಂಡು ಹೊಲೀತೀನಿ. ಇದು ನಿಮ್ಮ ಅಟ್ಟದಾನ ಖಾರದ ಚೀಲ. ನನ್ನ ಸೀರಿ ಮೈಲಿಗಿ ಅಂತ ನೀವಽ ಬದಲಿ ಮಾಡ್ಸಿದ್ರಿ."

ಶ್ರದ್ಧಾ ಒಂದು ಹೆಜ್ಜೆ ಮುಂದೆ ಬಂದಳು. "ಹಂಗಾರ ಹೊಲದಾಕಿ ನೀನಽ?"

ಶ್ರೀವಾಣಿ ಮಷೀನಿನ ಮೇಲೆ ಕೈ ಇಟ್ಟು ಹೊಳಿಯವ್ವನನ್ನು ನೋಡಿದಳು. ಇಲ್ಲ ಅಂದರೆ ನಾಳೆ ಟಂಟಂ ಸಿಮ್ರಾನಳ ಮನೆಗೆ ಹೋಗುತ್ತದೆ. ಹೂಂ ಅಂದರೆ ಕಾಗದ ಟ್ರಂಕಿನಲ್ಲೇ ಕೊಳೆಯುತ್ತದೆ. ಹೊಳಿಯವ್ವ ಮಷೀನಿನ ಕಡೆ ನೋಡಿದಳು. ದಾರವಿಲ್ಲದ ಸೂಜಿ, ಮೇಲೊಂದು ಹೂಮಾಲೆ, ಹೆಣಕ್ಕೆ ಹಾಕಿದ ಹಾಗೆ.

"ನಾನಽ ರಿ," ಅಂದಳು. ಅಂದ ಮೇಲೆ ಬಾಯಿ ಸಡಿಲಾಯಿತು. "ಎಲ್ಲಾ ನಾನಽ. ಕೇರಿ ಹೊಳಿಯವ್ವ. ಖಣ ಅಲ್ರಿ, ಇಸಾಕಸಾಬರ ಅಂಗಡ್ಯಾಗ ಉಳಿದ ಚೂರು. ನಿಮ್ಮ ತಲಿಮ್ಯಾಗಿಂದು ಬುರ್ಖಾದ ಬಟ್ಟಿ, ಚಲೋ ಮಿಂಚತೈತಿ. ಬಾಯಾರದು ಹಮಾಲರ ಪಟ್ಟಾಪಟ್ಟಿ ಚಡ್ಡೀದು. ಹೆದರಬ್ಯಾಡ್ರಿ, ಹೊಸಾ ಬಟ್ಟಿ, ಯಾರೂ ತೊಟ್ಟಿಲ್ಲ."

ಭಾಗೀರಥೀಬಾಯಿಯ ಕೈ ತಂತಾನೆ ತಲೆಗೆ ಹೋಯಿತು.

"ಇನ್ನೊಂದು ಹೇಳ್ತೀನ್ರಿ, ನಾಳೆ ನನ್ನ ಮ್ಯಾಲ ಮಾತು ಬರಬಾರದು. ಇವರ ಮನ್ಯಾಗ ನನಗ ಕತ್ರಿ ಮುಟ್ಟಾಕ ಕೊಡಂಗಿಲ್ಲ. ಅದಕ್ಕ ದಾರಾನ ಹಲ್ಲಿಂದ ಕಡೀತೀನಿ. ಸೂಜ್ಯಾಗ ಪೋಣಸೂಮುಂದ ಉಗುಳು ಹಚ್ಚಿ ಹೊಸೀತೀನಿ. ಒಂದೂ ಬಿಟ್ಟಿಲ್ಲರಿ, ನೂರಿಪ್ಪತ್ತಕ್ಕೂ."

ಒಂದು ಕ್ಷಣ ಯಾರೂ ಸೀನಲಿಲ್ಲ. ಆಮೇಲೆ ಹದಿನಾರು ಕೈ ಒಟ್ಟಿಗೆ ಮೇಲೆದ್ದವು. ಹಾವು ಹಿಡಿದವರ ಹಾಗೆ ರಬ್ಬರು ಕಿತ್ತು ಎಸೆದರು. ಎಸೆದ ಬೆನ್ನಿಗೇ ಹದಿನಾರು ತುರುಬು ಬಿಚ್ಚಿ ಬೆನ್ನ ಮೇಲೆ ಬಿದ್ದವು. ಶುಭಕಾರ್ಯದಲ್ಲಿ ಮುತ್ತೈದೆಯರು, ಜಿಲ್ಲೆಯ ಮೇಡಮ್ಮಿನ ಎದುರು, ಹೆಣ ಬಿದ್ದ ಮನೆಯವರ ಹಾಗೆ ಕೂದಲು ಕೆದರಿ ನಿಂತರು. ಅದು ತಿಳಿದ ಕೂಡಲೇ ಎಲ್ಲರೂ ಒಂದೊಂದು ಕೈಯಿಂದ ಕೂದಲು ಮುದ್ದೆ ಮಾಡಿ ಹಿಡಿದುಕೊಂಡರು. ತಾಳ ಹಾಕಲು ಎರಡು ಕೈ ಬೇಕು. ಪೆಟ್ಟಿಗೆಗೂ ಎರಡು ಬೇಕು.

"ಹಾಡು ಶುರು ಮಾಡ್ರಿ," ಅಂದರು ಮೇಡಮ್ಮು. ಅವರಿಗೆ ಮುಂದೆ ಇನ್ನೊಂದು ಕಾರ್ಯಕ್ರಮ ಇತ್ತು.

ಹೊಳಿಯವ್ವ ಮಷೀನಿನ ಹೂಮಾಲೆ ತೆಗೆದು ಸ್ಟೂಲಿನ ಮೇಲಿಟ್ಟಳು. ಬೆಲ್ಟ್ ಬಿಚ್ಚಿದಳು.

"ಹೊಳಿಯವ್ವಾ, ಕಾಗದ ನಮ್ಮ ಹತ್ತಿರ ಅವ!" ಶ್ರೀವಾಣಿಯ ದನಿ ಮೊದಲ ಸಲ ಅತ್ತೆಯ ದನಿಯ ಹಾಗೆ ಕೇಳಿಸಿತು. "ಪೋಲೀಸರಿಗೆ ಹೇಳ್ತೀನಿ!"

"ಹೇಳ್ರಿ. ಕಾಗದದ ಮ್ಯಾಲ ಯಾರ ಫೋಟೋ ಐತಿ ಅಂತ ಅವರಿಗೂ ತೋರಸ್ರಿ."

ಸ್ಕ್ರೂ ಎರಡನ್ನೂ ಸಡಿಲಿಸಿ ಮಷೀನಿನ ತಲೆಯನ್ನು ಸ್ಟ್ಯಾಂಡಿನಿಂದ ಬಿಡಿಸಿದಳು. ಸೆರಗು ಸುತ್ತಿ ಸಿಂಬೆ ಮಾಡಿ ತಲೆಗಿಟ್ಟು, ಅದರ ಮೇಲೆ ಕಬ್ಬಿಣ ಹೊತ್ತಳು. ಸ್ಟ್ಯಾಂಡು ಅಲ್ಲೇ ನಿಂತಿತು.

ವೇದಿಕೆಯ ಮೆಟ್ಟಿಲು ಇಕ್ಕಟ್ಟಾಗಿತ್ತು. ಕೆಳಗೆ ಕುರ್ಚಿ ತುಂಬ ಜನ, ನಡುವೆ ಕಾಲಿಡಲು ಜಾಗವಿಲ್ಲ. ಅಣ್ಣಾಜಿ ಅಡ್ಡ ನಿಂತು ಕೈ ಚಾಚಿದವನು, ಹಿಡಿಯಬೇಕಾದರೆ ಅವಳನ್ನು ಮುಟ್ಟಬೇಕಲ್ಲ ಎಂದು ನೆನಪಾಗಿ, ಚಾಚಿದ ಕೈಯನ್ನು ಹಾಗೇ ಹಿಂದಕ್ಕೆಳೆದುಕೊಂಡ. ಕೂದಲು ಹಿಡಿದ ಹೆಂಗಸರು ಸೀರೆ ತಾಗೀತು ಎಂದು ಎರಡೂ ಕಡೆ ಗೋಡೆಗೆ ಅಂಟಿದರು. ಮುಂದಿನ ಸಾಲು ಕುರ್ಚಿ ಸಮೇತ ಹಿಂದೆ ಸರಿಯಿತು, ಅದನ್ನು ನೋಡಿ ಹಿಂದಿನ ಸಾಲೂ ಸರಿಯಿತು.

ಅಷ್ಟು ಅಗಲದ ದಾರಿ ಹೊಳಿಯವ್ವನಿಗೆ ಹುಟ್ಟಿದಾಗಿನಿಂದ ಯಾರೂ ಬಿಟ್ಟುಕೊಟ್ಟಿರಲಿಲ್ಲ. ಅವಳು ಅದರ ನಟ್ಟನಡುವೆ, ಅವಸರ ಮಾಡದೆ ನಡೆದಳು.